ಎಸ್ಪೆರಾಂತೊ: ನಮ್ಮ ಮೂರು ಜಿಲ್ಲೆಗಳ ನಾಲಿಗೆಗೆ ಉಚ್ಚಾರ ಮತ್ತು ಮೊದಲ ವ್ಯಾಕರಣ

ಬಾಗಲಕೋಟೆಯ ಮಾಸ್ತರ (ಚರ್ಚೆ ಆರಂಭಿಸಿದವರು)

ನಮ್ಮ ಕಡೆಯಿಂದ ಎಸ್ಪೆರಾಂತೊ ಕಲಿಯಲು ಹೊರಡುವವರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆದ ಪಾಠಗಳನ್ನೇ ಹಿಡಿದು ಕೂಡುತ್ತಾರೆ. ಆ ಪಾಠಗಳು ಕೆಟ್ಟವೇನಲ್ಲ. ಆದರೆ ಅವು ಇಂಗ್ಲಿಷ್ ಮಾತನಾಡುವವರ ನಾಲಿಗೆ ಎಲ್ಲಿ ತೊಡರುತ್ತದೆಯೋ ಅಲ್ಲಿ ಎಚ್ಚರಿಸುತ್ತವೆಯೇ ಹೊರತು, ಬಾಗಲಕೋಟೆ, ಬೆಳಗಾವಿ, ವಿಜಯಪುರದವರ ನಾಲಿಗೆ ತೊಡರುವ ಜಾಗಗಳನ್ನು ಮುಟ್ಟುವುದೇ ಇಲ್ಲ. ನಮಗೆ ಸಲೀಸಾಗಿ ಬರುವುದನ್ನು ಪುಟಗಟ್ಟಲೆ ವಿವರಿಸಿ, ನಾವು ತಪ್ಪುವುದನ್ನು ಒಂದೇ ಸಾಲಿನಲ್ಲಿ ಮುಗಿಸಿರುತ್ತವೆ. ಆದ್ದರಿಂದ ಈ ಚರ್ಚೆಯನ್ನು ನಮ್ಮ ಮಾತಿನ ಕಡೆಯಿಂದಲೇ ಆರಂಭಿಸೋಣ ಎಂಬುದು ನನ್ನ ವಿಚಾರ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಈ ಭಾಷೆಯನ್ನು ರೂಪಿಸಿದವರು ಲುಡ್ವಿಕ್ ಜ಼ಾಮೆನ್‌ಹೋಫ್ ಎಂಬ ಕಣ್ಣಿನ ವೈದ್ಯರು. ಮೊದಲ ಪುಸ್ತಕ 1887ರಲ್ಲಿ ವಾರ್ಸಾದಲ್ಲಿ ಪ್ರಕಟವಾಯಿತು. ಅಕ್ಷರಗಳು 28, ಅವುಗಳಲ್ಲಿ ಸ್ವರಗಳು 5. ಒಂದು ಅಕ್ಷರಕ್ಕೆ ಒಂದೇ ಧ್ವನಿ, ಒಂದು ಧ್ವನಿಗೆ ಒಂದೇ ಅಕ್ಷರ. ಬರೆದಂತೆ ಓದುವುದು ಕನ್ನಡಿಗರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಇಲ್ಲಿ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ಮೊದಲ ಸ್ವರವನ್ನು ಯಾವಾಗಲೂ ‘ಆ’ ಎಂದೇ ಬರೆಯುತ್ತೇನೆ, ಏಕೆಂದರೆ ನಮ್ಮ ಹ್ರಸ್ವ ‘ಅ’ದಲ್ಲಿ ಬಾಯಿ ಅಷ್ಟು ತೆರೆಯುವುದಿಲ್ಲ. ಉಳಿದ ನಾಲ್ಕನ್ನು ಹ್ರಸ್ವವಾಗಿ ಬರೆಯುತ್ತೇನೆ. ಆ ಭಾಷೆಯಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಈಗ ನಮ್ಮ ತೊಡಕು. ನಾವು ‘ಮನೆ’ಯನ್ನು ‘ಮನಿ’ ಎನ್ನುತ್ತೇವೆ, ‘ಬೇಳೆ’ಯನ್ನು ‘ಬ್ಯಾಳಿ’ ಎನ್ನುತ್ತೇವೆ. ಪದದ ಕೊನೆಯ ‘ಎ’ ನಮ್ಮ ಬಾಯಲ್ಲಿ ತಾನಾಗಿಯೇ ‘ಇ’ ಆಗುತ್ತದೆ. ಕನ್ನಡದಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಎಸ್ಪೆರಾಂತೊದಲ್ಲಿ ಮಾತ್ರ ಕೊನೆಯ ‘ಎ’ ಕ್ರಿಯಾವಿಶೇಷಣದ ಗುರುತು, ಕೊನೆಯ ‘ಇ’ ಕ್ರಿಯಾಪದದ ಮೂಲರೂಪದ ಗುರುತು. ‘ರಾಪಿದೆ’ ಎಂದರೆ ವೇಗವಾಗಿ, ‘ರಾಪಿದಿ’ ಎಂದರೆ ಅವಸರ ಮಾಡುವುದು. ‘ಲಿ ಕುರಾಸ್ ರಾಪಿದೆ’ ಎಂದರೆ ಅವನು ವೇಗವಾಗಿ ಓಡುತ್ತಾನೆ ಎಂದಾಗುತ್ತದೆ. ಅದನ್ನು ‘ರಾಪಿದಿ’ ಎಂದು ಮುಗಿಸಿದರೆ ವಾಕ್ಯದ ಕೀಲೇ ಕಳಚುತ್ತದೆ. ಇಂಗ್ಲಿಷ್ ಪಾಠಗಳಲ್ಲಿ ಈ ಎಚ್ಚರಿಕೆ ಸಿಗುವುದಿಲ್ಲ, ಏಕೆಂದರೆ ಅವರಿಗೆ ‘ಮನಿ’ಯ ರೂಢಿ ಇಲ್ಲ.

ಎರಡನೆಯದು ಪದದ ಆರಂಭದ್ದು. ‘ಎಲೆ’ಯನ್ನು ‘ಯೆಲಿ’ ಎಂದೂ ‘ಒಂದು’ ಎಂಬುದನ್ನು ‘ವಂದ’ ಎಂದೂ ನುಡಿಯುವ ರೂಢಿ ಎಸ್ಪೆರಾಂತೊದಲ್ಲಿ ಅಪಾಯಕಾರಿ. ‘ಎನ್’ ಎಂದರೆ ಒಳಗೆ, ‘ಯೆನ್’ ಎಂದರೆ ‘ಇಗೋ ನೋಡು’. ‘ಒಸ್ತೊ’ ಎಂದರೆ ಎಲುಬು, ‘ವೊಸ್ತೊ’ ಎಂದರೆ ಬಾಲ. ನಾಯಿಗೆ ಎಲುಬು ಹಾಕಿದೆ ಎನ್ನಲು ಹೋಗಿ ಬಾಲ ಹಾಕಿದೆ ಎಂದಂತಾಗುತ್ತದೆ.

ಒತ್ತು ಯಾವಾಗಲೂ ಕೊನೆಯಿಂದ ಎರಡನೆಯ ಸ್ವರದ ಮೇಲೆ. ‘ತೆಲೆಫ಼ೊನೊ’ ಎಂಬಲ್ಲಿ ‘ಫ಼ೊ’ ಏರಬೇಕು. ‘ರಾದಿ-ಒ’ ಎಂಬಲ್ಲಿ ‘ದಿ’ ಏರಬೇಕು, ನಾವು ಹೇಳುವ ರೇಡಿಯೋದ ಹಾಗೆ ಅಲ್ಲ. ಇದಕ್ಕೆ ಅಪವಾದವಿಲ್ಲ.

ಬೆಳಗಾವಿ, ಶಹಾಪುರದಿಂದ ಒಬ್ಬ ಸದಸ್ಯೆ

ಮಾಸ್ತರರೇ, ‘ಮನಿ’ಯ ಮಾತು ಸರಿಯಾಗಿದೆ. ಅದಕ್ಕೆ ವ್ಯಂಜನಗಳ ಕಡೆಯಿಂದ ಒಂದು ಸಂಗತಿ ಸೇರಿಸುತ್ತೇನೆ.

ರೋಮನ್ ‘ಸಿ’ ಅಕ್ಷರಕ್ಕೆ ಈ ಭಾಷೆಯಲ್ಲಿ ‘ತ್ಸ’ ಎಂಬ ಧ್ವನಿ. ಕನ್ನಡದಲ್ಲಿ ಈ ಧ್ವನಿ ಇಲ್ಲವೆಂದು ಎಲ್ಲರೂ ಹೆದರುತ್ತಾರೆ. ಆದರೆ ಬೆಳಗಾವಿಯಲ್ಲಿ ಮರಾಠಿ ಕಿವಿಗೆ ಬೀಳದ ಮನೆ ಯಾವುದು? ಮರಾಠಿಯವರು ‘ಚಾಂಗಲಾ’ ಎನ್ನುವಾಗ ಮೊದಲ ಅಕ್ಷರವನ್ನು ಹೇಗೆ ನುಡಿಯುತ್ತಾರೆ ಎಂದು ಗಮನವಿಟ್ಟು ಕೇಳಿರಿ. ಬರೆಯುವುದು ‘ಚ’, ನುಡಿಯುವುದು ‘ತ್ಸ’. ‘ಚೋರ್’ ಎಂಬಲ್ಲಿಯೂ ಅದೇ ಧ್ವನಿ. ನಮ್ಮ ಮನೆಯ ಎರಡು ಭಾಷೆಗಳಲ್ಲಿ ಒಂದು ಈಗಾಗಲೇ ಕಲಿಸಿಟ್ಟಿರುವುದನ್ನು ಹೊಸದಾಗಿ ಕಲಿಯುವ ಪ್ರಮೇಯವೇ ಇಲ್ಲ.

ಈ ಧ್ವನಿಯನ್ನು ಏಕೆ ಬಿಡುವಂತಿಲ್ಲ ಎಂಬುದಕ್ಕೆ ನಾಲ್ಕು ಪದಗಳನ್ನು ಒಟ್ಟಿಗೆ ಇಡುತ್ತೇನೆ. ‘ತ್ಸೆಲೊ’ ಎಂದರೆ ಗುರಿ. ‘ಸೆಲೊ’ ಎಂದರೆ ಕುದುರೆಯ ಜೀನು. ‘ಚೆಲೊ’ ಎಂದರೆ ಜೀವಕೋಶ. ‘ಶೆಲೊ’ ಎಂದರೆ ಸಿಪ್ಪೆ. ಈ ನಾಲ್ಕನ್ನೂ ಗಟ್ಟಿಯಾಗಿ, ಒಂದರ ಹಿಂದೆ ಒಂದರಂತೆ ಹೇಳಿ, ಎದುರಿಗಿರುವವರು ಯಾವುದನ್ನು ಹೇಳಿದಿರೆಂದು ಗುರುತಿಸಬಲ್ಲರಾದರೆ ನಿಮ್ಮ ಉಚ್ಚಾರದ ಅರ್ಧ ಕೆಲಸ ಮುಗಿಯಿತು.

‘ಶ’ ಮತ್ತು ‘ಸ’ಗಳ ವಿಷಯದಲ್ಲಿ ನಮ್ಮ ಹಳ್ಳಿಗಳ ಕಡೆಯವರು ವಿಶೇಷವಾಗಿ ಎಚ್ಚರದಿಂದಿರಬೇಕು. ನಾವು ‘ಶಾಲೆ’ಯನ್ನು ‘ಸಾಲಿ’ ಎನ್ನುವವರು. ಎಸ್ಪೆರಾಂತೊದಲ್ಲಿ ‘ಶಿ’ ಎಂದರೆ ಅವಳು, ‘ಸಿ’ ಎಂದರೆ ತಾನು. ‘ಶಿ ಲಾವಾಸ್ ಸಿನ್’ ಎಂದರೆ ಅವಳು ತನ್ನನ್ನು ತೊಳೆದುಕೊಳ್ಳುತ್ತಾಳೆ ಎಂದಾಗುತ್ತದೆ. ‘ಸಿ’ಯನ್ನು ವಾಕ್ಯದ ಕರ್ತೃವಾಗಿ ಬಳಸಲು ಬರುವುದೇ ಇಲ್ಲವಾದ್ದರಿಂದ ‘ಶಿ’ ಬದಲು ‘ಸಿ’ ಎಂದರೆ ಕೇಳುವವರು ಗಲಿಬಿಲಿಗೊಳ್ಳುತ್ತಾರೆ.

ವಿಜಯಪುರದ ಓದುಗ

ಶಹಾಪುರದ ಅಕ್ಕನವರು ಮರಾಠಿಯ ಬಗ್ಗೆ ಹೇಳಿದ್ದನ್ನು ನಾನು ದಖನಿ ಉರ್ದುವಿನ ಬಗ್ಗೆ ಹೇಳಬಯಸುತ್ತೇನೆ. ನಮ್ಮ ಊರಿನಲ್ಲಿ ಮನೆಮಾತು ದಖನಿಯಾಗಿರುವವರಿಗೆ ‘ಜ಼’, ‘ಫ಼’ ಮತ್ತು ಗಂಟಲಿನಿಂದ ಹೊರಡುವ ‘ಖ಼’ ಮೂರೂ ಹುಟ್ಟಿನಿಂದಲೇ ಬಂದಿವೆ. ದಖನಿಯಲ್ಲಂತೂ ‘ಕಲಮ್’ ಎಂಬುದನ್ನೂ ‘ಖ಼ಲಮ್’ ಎನ್ನುವುದರಿಂದ ಈ ಕೊನೆಯ ಧ್ವನಿಗೆ ಬರವೇ ಇಲ್ಲ. ಎಸ್ಪೆರಾಂತೊದಲ್ಲಿ ಟೋಪಿ ಹಾಕಿದ, ಅಂದರೆ ತಲೆಯ ಮೇಲೆ ^ ಗುರುತಿರುವ, ‘ಎಚ್’ ಅಕ್ಷರಕ್ಕೆ ಇದೇ ಧ್ವನಿ. ‘ಎಖ಼ೊ’ ಎಂದರೆ ಪ್ರತಿಧ್ವನಿ, ‘ಎಕೊ’ ಎಂದರೆ ಆರಂಭ. ನಿಜ ಹೇಳಬೇಕೆಂದರೆ ಈ ಅಕ್ಷರದ ಬಳಕೆ ಬಹಳ ಕಡಿಮೆಯಾಗಿದೆ. ರಸಾಯನಶಾಸ್ತ್ರಕ್ಕೆ ಮೊದಲು ‘ಖ಼ೆಮಿ-ಒ’ ಎನ್ನುತ್ತಿದ್ದುದನ್ನು ಈಗ ‘ಕೆಮಿ-ಒ’ ಎನ್ನುವುದೇ ಹೆಚ್ಚು.

ಎಲ್ಲರಿಗೂ ಹೊಸದಾದ ಧ್ವನಿ ಒಂದೇ, ಅದು ಟೋಪಿ ಹಾಕಿದ ‘ಜೆ’. ‘ಶ’ ಎನ್ನುತ್ತಲೇ ಗಂಟಲಿನ ಮೇಲೆ ಬೆರಳಿಟ್ಟು, ಅಲ್ಲಿ ಕಂಪನ ಬರುವವರೆಗೆ ಧ್ವನಿಯನ್ನು ಗಡುಸಾಗಿಸಿದರೆ ಅದು ಸಿಗುತ್ತದೆ. ಇಂಗ್ಲಿಷರು ‘ಟೆಲಿವಿಷನ್’ ಎನ್ನುವಾಗ ನಡುವೆ ಬರುವ ಧ್ವನಿ ಇದೇ. ಇದನ್ನು ‘ಜ’ ಎಂದು ನುಡಿದರೆ ‘ವಸ್ತು’ ಎಂಬ ಪದ ‘ಆಜೊ’ ಆಗಿಬಿಡುತ್ತದೆ, ಮತ್ತು ‘ಆಜೊ’ ಎಂದರೆ ವಯಸ್ಸು.

ಇನ್ನೊಂದು ಸಣ್ಣ ಮಾತು. ‘ತಾಬ್ಲೊ’ ಎಂಬುದನ್ನು ‘ಟಾಬ್ಲೊ’ ಎನ್ನಬೇಡಿರಿ. ಇಂಗ್ಲಿಷ್ ಪದಗಳ ಅಭ್ಯಾಸದಿಂದ ನಾವು ರೋಮನ್ ಲಿಪಿ ಕಂಡೊಡನೆ ನಾಲಿಗೆಯನ್ನು ಮೇಲಕ್ಕೆ ಮಡಚುತ್ತೇವೆ. ಇಲ್ಲಿ ನಮ್ಮ ದಂತ್ಯ ‘ತ’, ‘ದ’ಗಳೇ ಸರಿ.

ಜಮಖಂಡಿಯ ನಿವೃತ್ತ ಅಂಚೆ ನೌಕರ

ಎಲ್ಲವೂ ಚೆನ್ನಾಗಿದೆ. ಆದರೆ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯುವುದಕ್ಕೆ ನನ್ನ ಆಕ್ಷೇಪವಿದೆ. ವಿಜಯಪುರದವರು ಹೇಳಿದ ಟೋಪಿಯ ‘ಜೆ’ಗೆ ನಮ್ಮಲ್ಲಿ ಅಕ್ಷರವೇ ಇಲ್ಲವಾದ್ದರಿಂದ ಅವರು ಆ ಪದವನ್ನು ಬರೆಯದೆ ಸುತ್ತಿ ಬಳಸಿ ವಿವರಿಸಬೇಕಾಯಿತು. ಎರಡು ಸ್ವರಗಳು ಅಕ್ಕಪಕ್ಕ ಬಂದಾಗ ಮಾಸ್ತರರು ಅಡ್ಡಗೆರೆ ಹಾಕಬೇಕಾಯಿತು. ಲಿಪಿ ಹೀಗೆ ಹೆಜ್ಜೆಹೆಜ್ಜೆಗೂ ತಡೆದರೆ, ನಾಳೆ ನಿಜವಾದ ಪುಸ್ತಕ ಕೈಗೆ ಬಂದಾಗ ಕಲಿತವರು ಮತ್ತೆ ಒಂದನೆಯ ಇಯತ್ತೆಯಿಂದ ಆರಂಭಿಸಬೇಕಾಗುತ್ತದೆ. ಟೋಪಿಯ ಅಕ್ಷರಗಳನ್ನು ಟೈಪಿಸಲು ಬಾರದಿದ್ದರೆ ಆ ಅಕ್ಷರದ ಮುಂದೆ ‘ಎಕ್ಸ್’ ಇಡುವ ಪದ್ಧತಿ ಬಳಕೆಯಲ್ಲಿದೆ. ಅದಕ್ಕೂ ಮೊದಲು ‘ಎಚ್’ ಇಡಲು ಜ಼ಾಮೆನ್‌ಹೋಫರೇ ಅನುಮತಿ ಕೊಟ್ಟಿದ್ದರು. ಹೀಗಿರುವಾಗ ಕನ್ನಡ ಲಿಪಿಯ ಊರುಗೋಲು ಏಕೆ?

ಬಾಗಲಕೋಟೆಯ ಮಾಸ್ತರ

ಹಿರಿಯರ ಆಕ್ಷೇಪವನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ರೋಮನ್ ಲಿಪಿಯನ್ನು ಕಂಡ ಕೂಡಲೇ ನಮ್ಮ ಹುಡುಗರ ತಲೆಯಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಏಳುತ್ತದೆ. ‘ಎಲ್-ಎ’ ಎಂದು ಬರೆದಿದ್ದನ್ನು ‘ಲೇ’ ಎನ್ನುತ್ತಾರೆ, ‘ಎಮ್-ಐ’ ಎಂದು ಬರೆದಿದ್ದನ್ನು ‘ಮೈ’ ಎನ್ನುತ್ತಾರೆ. ಕಿವಿ ಪಳಗುವವರೆಗೆ ಕನ್ನಡ ಲಿಪಿ, ಓದುವುದಕ್ಕೆ ಮೊದಲ ದಿನದಿಂದಲೇ ರೋಮನ್ ಎಂದು ಎರಡನ್ನೂ ಜೊತೆಯಾಗಿ ಇಟ್ಟುಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಬರವಣಿಗೆಯನ್ನು ಮಾತ್ರ ಎಂದೂ ಕನ್ನಡ ಲಿಪಿಯಲ್ಲಿ ಮಾಡಬಾರದು.

ಇನ್ನು ವ್ಯಾಕರಣಕ್ಕೆ ಬರೋಣ. ನಾಮಪದ ‘ಒ’ದಲ್ಲಿ ಮುಗಿಯುತ್ತದೆ, ವಿಶೇಷಣ ‘ಆ’ದಲ್ಲಿ ಮುಗಿಯುತ್ತದೆ. ಕ್ರಿಯಾಪದಕ್ಕೆ ವರ್ತಮಾನದಲ್ಲಿ ‘ಆಸ್’, ಭೂತದಲ್ಲಿ ‘ಇಸ್’, ಭವಿಷ್ಯದಲ್ಲಿ ‘ಒಸ್’. ‘ಹೋಗುತ್ತಿದ್ದೆ’ ಎಂಬಂಥ ಸಂಭಾವನೆಗೆ ‘ಉಸ್’, ವಿಧಿಗೆ ‘ಉ’. ‘ಮಿ ಇರಾಸ್, ವಿ ಇರಾಸ್, ಲಿ ಇರಾಸ್, ಇಲಿ ಇರಾಸ್’ ಎಂದು ಎಲ್ಲರಿಗೂ ಒಂದೇ ರೂಪ. ‘ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾರೆ’ ಎಂದು ಹೊಂದಿಸುವ ನಮಗೆ ಇದು ವಿಶ್ರಾಂತಿಯೇ ಸರಿ. ಆದರೆ ಆ ವಿಶ್ರಾಂತಿಗೆ ಬೆಲೆಯೂ ಇದೆ. ನಾವು ‘ನಿನ್ನೆ ಬಂದೆ’ ಎಂದು ‘ನಾನು’ವನ್ನು ಬಿಟ್ಟರೂ ಅರ್ಥ ನಿಲ್ಲುತ್ತದೆ, ಏಕೆಂದರೆ ‘ಬಂದೆ’ಯಲ್ಲಿಯೇ ‘ನಾನು’ ಇದೆ. ಅಲ್ಲಿ ಸರ್ವನಾಮವನ್ನು ಬಿಟ್ಟರೆ ಯಾರು ಬಂದರೆಂದು ತಿಳಿಯುವುದೇ ಇಲ್ಲ.

‘ಉ’ ಎಂಬ ವಿಧಿರೂಪವನ್ನು ಇಂಗ್ಲಿಷ್ ಪಾಠಗಳು ಬರಿಯ ಆಜ್ಞೆಯೆಂದು ಕಲಿಸಿ, ಉಳಿದ ಬಳಕೆಗಳನ್ನು ಬೇರೆ ಪಾಠಗಳಿಗೆ ತಳ್ಳುತ್ತವೆ. ನಮಗೆ ಅದರ ಅಗತ್ಯವಿಲ್ಲ. ‘ವೆನು’ ಎಂದರೆ ಬಾ, ‘ಲಿ ವೆನು’ ಎಂದರೆ ಅವನು ಬರಲಿ, ‘ನಿ ಇರು’ ಎಂದರೆ ಹೋಗೋಣ. ‘ಬರಲಿ’, ‘ಹೋಗೋಣ’ ಎಂಬ ರೂಪಗಳು ನಮ್ಮಲ್ಲಿಯೇ ಇರುವುದರಿಂದ ಮೂರನ್ನೂ ಒಂದೇ ದಿನ ಕಲಿಯಬಹುದು.

ಹೇಳಿದ ಮಾತನ್ನು ವರದಿ ಮಾಡುವ ರೀತಿಯೂ ನಮ್ಮದಕ್ಕೆ ಹತ್ತಿರ. ‘ಬರುತ್ತೇನೆ ಎಂದು ಹೇಳಿದ’ ಎಂಬುದು ‘ಲಿ ದಿರಿಸ್, ಕೆ ಲಿ ವೆನೊಸ್’ ಎಂದಾಗುತ್ತದೆ. ಅವನು ಹೇಳುವಾಗ ಭವಿಷ್ಯವಿತ್ತು, ಆದ್ದರಿಂದ ಭವಿಷ್ಯವೇ ಉಳಿಯುತ್ತದೆ. ಇಂಗ್ಲಿಷಿನ ಹಿಂದೆ ಹೋದವರು ಇಲ್ಲಿ ‘ವೆನುಸ್’ ಎಂದು ಬರೆದು ಕೆಡಿಸುತ್ತಾರೆ.

ಗೋಕಾಕದ ವಿದ್ಯಾರ್ಥಿನಿ

ಗುರುಗಳೇ, ನಮಸ್ಕಾರ. ನನ್ನ ಸಂದೇಹ ‘ನ್’ ಪ್ರತ್ಯಯದ್ದು. ಅದು ನಮ್ಮ ದ್ವಿತೀಯಾ ವಿಭಕ್ತಿಯ ‘ಅನ್ನು’ ಇದ್ದಂತೆ ಎಂದು ಓದಿದ್ದೇನೆ. ಆದರೆ ನಾನು ‘ಅನ್ನು’ ಇರುವ ಕಡೆ ಮಾತ್ರ ‘ನ್’ ಹಾಕಿದರೂ ನನ್ನ ವಾಕ್ಯಗಳನ್ನು ತಿದ್ದಿ ಕಳಿಸುತ್ತಾರೆ. ‘ಬೊನಾನ್ ತಾಗೊನ್’ ಎಂದು ನಮಸ್ಕರಿಸುವಾಗ ಅಲ್ಲಿ ಕರ್ಮವೇ ಇಲ್ಲವಲ್ಲ, ‘ನ್’ ಹೇಗೆ ಬಂದಿತು? ಹಿರಿಯರೊಡನೆ ಮಾತನಾಡುವಾಗ ನಮ್ಮ ‘ರೀ’ಗೆ ಬದಲಾಗಿ ಏನು ಸೇರಿಸಬೇಕು ಎಂಬುದನ್ನೂ ತಿಳಿಸಬೇಕೆಂದು ವಿನಂತಿ.

ಬೆಳಗಾವಿ, ಶಹಾಪುರದಿಂದ ಒಬ್ಬ ಸದಸ್ಯೆ

ತಂಗಿ, ನಿನ್ನ ತೊಂದರೆಯ ಮೂಲ ಕನ್ನಡದ ಒಂದು ಸವಲತ್ತಿನಲ್ಲಿದೆ. ನಾವು ‘ರೊಟ್ಟಿ ತಿಂದೆ’, ‘ನೀರು ಕುಡಿದೆ’ ಎನ್ನುತ್ತೇವೆ, ‘ರೊಟ್ಟಿಯನ್ನು’ ಎಂದು ಎಳೆಯುವುದಿಲ್ಲ. ಮನುಷ್ಯರಾದರೆ ಮಾತ್ರ ‘ತಂಗಿಯನ್ನು ಕರೆದೆ’ ಎಂದು ಪ್ರತ್ಯಯ ಬೇಕೇಬೇಕು. ಎಸ್ಪೆರಾಂತೊ ಈ ಭೇದವನ್ನು ಮಾಡುವುದಿಲ್ಲ. ರೊಟ್ಟಿಯಾಗಲಿ ತಂಗಿಯಾಗಲಿ, ಕರ್ಮವಾಗಿದ್ದರೆ ‘ನ್’ ಬರಲೇಬೇಕು: ‘ಮಿ ಮಾನ್‌ಜಾಸ್ ಪಾನೊನ್’. ಆ ‘ನ್’ ಇರುವುದರಿಂದಲೇ ಪದಗಳನ್ನು ಹಿಂದೆ ಮುಂದೆ ಮಾಡಲು ಬರುತ್ತದೆ. ‘ಲಾ ಹುಂದೊ ಮೊರ್ದಾಸ್ ಲಾ ವಿರೊನ್’ ಎಂದರೂ ‘ಲಾ ವಿರೊನ್ ಮೊರ್ದಾಸ್ ಲಾ ಹುಂದೊ’ ಎಂದರೂ ಕಚ್ಚಿದ್ದು ನಾಯಿಯೇ, ಕಚ್ಚಿಸಿಕೊಂಡದ್ದು ಮನುಷ್ಯನೇ.

‘ಬೊನಾನ್ ತಾಗೊನ್’ ಎಂಬಲ್ಲಿ ‘ನಿಮಗೆ ಹಾರೈಸುತ್ತೇನೆ’ ಎಂಬ ಮಾತು ಒಳಗೇ ಅಡಗಿದೆ. ಹಾರೈಸುವುದು ಒಳ್ಳೆಯ ದಿನವನ್ನು, ಆದ್ದರಿಂದ ‘ನ್’. ‘ದಾನ್ಕೊನ್’ ಎಂಬ ಧನ್ಯವಾದದಲ್ಲಿಯೂ ಇದೇ ಕಥೆ.

‘ನ್’ಗೆ ಎರಡನೆಯ ಕೆಲಸವೂ ಇದೆ. ‘ಲಾ ಕಾತೊ ಸಾಲ್ತಾಸ್ ಸುರ್ ಲಾ ತಾಬ್ಲೊ’ ಎಂದರೆ ಬೆಕ್ಕು ಮೇಜಿನ ಮೇಲೆ ಇದ್ದುಕೊಂಡೇ ಕುಣಿಯುತ್ತಿದೆ. ‘ಸುರ್ ಲಾ ತಾಬ್ಲೊನ್’ ಎಂದರೆ ಕೆಳಗಿನಿಂದ ಮೇಜಿನ ಮೇಲಕ್ಕೆ ಜಿಗಿಯುತ್ತಿದೆ. ‘ಮೇಲೆ’ ಮತ್ತು ‘ಮೇಲಕ್ಕೆ’ ಎಂದು ನಾವು ಮಾಡುವ ಭೇದವನ್ನೇ ಅವರು ಒಂದು ‘ನ್’ನಿಂದ ಮಾಡುತ್ತಾರೆ.

‘ರೀ’ಯ ವಿಷಯಕ್ಕೆ ಬಂದರೆ, ನೀನು ನೀವು ಎರಡಕ್ಕೂ ‘ವಿ’ ಒಂದೇ. ‘ನೀನು’ಗೆ ಪ್ರತ್ಯೇಕವಾಗಿ ‘ತ್ಸಿ’ ಎಂಬ ರೂಪವಿದ್ದರೂ ಬಳಸುವವರು ತೀರ ವಿರಳ. ಗೌರವವನ್ನು ‘ಸಿನ್ಯೊರೊ’, ‘ಸಿನ್ಯೊರಿನೊ’ ಎಂಬ ಸಂಬೋಧನೆಗಳಿಂದಲೂ ‘ಬೊನ್‌ವೊಲು’ ಎಂಬ ವಿನಂತಿಯಿಂದಲೂ ತೋರಿಸಬೇಕು. ನಮ್ಮ ‘ಬರ್ರಿ’ಯಲ್ಲಿರುವ ಸಲುಗೆ ಮತ್ತು ಮರ್ಯಾದೆ ಒಟ್ಟಿಗೆ ಬರುವ ಪದ ಮಾತ್ರ ಅಲ್ಲಿ ಇಲ್ಲ. ನನಗೆ ಅದೊಂದು ಕೊರತೆಯೆಂದೇ ಅನಿಸುತ್ತದೆ.

ಜಮಖಂಡಿಯ ನಿವೃತ್ತ ಅಂಚೆ ನೌಕರ

ಸರಳ ಭಾಷೆ ಎನ್ನುತ್ತೀರಿ. ಹಾಗಾದರೆ ವಿಶೇಷಣಕ್ಕೂ ‘ನ್’ ಮತ್ತು ಬಹುವಚನದ ‘ಯ್’ ಏಕೆ ಅಂಟಿಸಬೇಕು? ನಾವು ‘ದೊಡ್ಡ ಗುಮ್ಮಟ’, ‘ದೊಡ್ಡ ಗುಮ್ಮಟಗಳನ್ನು’ ಎನ್ನುವಾಗ ‘ದೊಡ್ಡ’ ಅಲುಗಾಡುವುದಿಲ್ಲ. ಅಲ್ಲಿ ‘ಮಿ ವಿದಿಸ್ ಲಾ ಗ್ರಾಂದಾನ್ ಕುಪೊಲೊನ್’ ಎಂದು ಎರಡು ಕಡೆ ಮೊಳೆ ಹೊಡೆಯಬೇಕು.

ವಿಜಯಪುರದ ಓದುಗ

ನಮ್ಮ ಗೋಲಗುಮ್ಮಟವನ್ನು ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಧನ್ಯವಾದಗಳು. ಈ ಆಕ್ಷೇಪ ಹೊಸದಲ್ಲ. 1907ರಲ್ಲಿ ‘ಇದೊ’ ಎಂಬ ಸುಧಾರಿತ ಭಾಷೆಯನ್ನು ಮುಂದಿಟ್ಟವರು ವಿಶೇಷಣದ ಈ ಹೊಂದಾಣಿಕೆಯನ್ನು ತೆಗೆದುಹಾಕಿದರು. ಟೋಪಿಯ ಅಕ್ಷರಗಳನ್ನೂ ತೆಗೆದರು. ಕರ್ಮವು ಕರ್ತೃವಿಗಿಂತ ಮೊದಲು ಬಂದಾಗ ಮಾತ್ರ ‘ನ್’ ಸಾಕು ಎಂದರು. ಆದರೂ ಹೆಚ್ಚಿನವರು ಹಳೆಯದರಲ್ಲಿಯೇ ಉಳಿದರು, ಏಕೆಂದರೆ 1905ರಲ್ಲಿ ಫ್ರಾನ್ಸಿನ ಬುಲೊನ್ ಪಟ್ಟಣದಲ್ಲಿ ಸೇರಿದ ಮೊದಲ ವಿಶ್ವ ಸಮಾವೇಶದಲ್ಲಿ ಭಾಷೆಯ ಬುನಾದಿಯನ್ನು ಯಾರೂ ಬದಲಿಸಕೂಡದೆಂದು ಒಪ್ಪಿಕೊಂಡಿದ್ದರು. ಆ ಬುನಾದಿಯ ಗ್ರಂಥದಲ್ಲಿರುವ ವ್ಯಾಕರಣ 16 ನಿಯಮಗಳದ್ದು. ಸುಧಾರಣೆಯ ಬಾಗಿಲು ತೆರೆದರೆ ಅದು ಮುಚ್ಚುವುದಿಲ್ಲ ಎಂಬ ಅವರ ಅಂಜಿಕೆ ನನಗೆ ನ್ಯಾಯವಾದದ್ದೆನಿಸುತ್ತದೆ.

ಪ್ರಶ್ನೆ ಕೇಳುವ ಕ್ರಮದ ಬಗ್ಗೆಯೂ ಹೇಳಿಬಿಡುತ್ತೇನೆ. ಹೌದು ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗೆ ನಾವು ‘ಬಂದನಾ?’ ಎಂದು ಕೊನೆಯಲ್ಲಿ ‘ಆ’ ಸೇರಿಸುತ್ತೇವೆ. ಅಲ್ಲಿ ‘ಚು’ ಎಂಬುದನ್ನು ಮೊದಲಲ್ಲಿಯೇ ಇಡಬೇಕು: ‘ಚು ಲಿ ವೆನಿಸ್?’ ಹಿಂದಿ ಉರ್ದುವಿನ ‘ಕ್ಯಾ’ ಕೂಡುವ ಜಾಗ ಇದೇ. ‘ಬರುತ್ತಾನೋ ಇಲ್ಲವೋ ಗೊತ್ತಿಲ್ಲ’ ಎಂಬಲ್ಲಿಯೂ ‘ಚು’ವೇ ಕೆಲಸಕ್ಕೆ ಬರುತ್ತದೆ.

ಬಾಗಲಕೋಟೆಯ ಮಾಸ್ತರ

ಪ್ರಶ್ನೆಯ ಮಾತು ಬಂದದ್ದರಿಂದ 45 ಪದಗಳ ಪಟ್ಟಿಯನ್ನು ಮುಟ್ಟಲೇಬೇಕು. ಇದನ್ನು ಕಂಡು ಕಲಿಯುವವರು ಬೆವರುತ್ತಾರೆ, ಆದರೆ ನಾವು ಬೆವರಬೇಕಾಗಿಲ್ಲ. ‘ಎಲ್ಲಿ, ಅಲ್ಲಿ’, ‘ಎಷ್ಟು, ಅಷ್ಟು’, ‘ಹೇಗೆ, ಹಾಗೆ’ ಎಂದು ಜೋಡಿ ಕಟ್ಟುವ ಕ್ರಮ ಕನ್ನಡದ್ದೇ ಆಗಿದೆ. ‘ಕಿ-ಎ’ ಎಲ್ಲಿ, ‘ತಿ-ಎ’ ಅಲ್ಲಿ, ‘ಇ-ಎ’ ಎಲ್ಲೋ, ‘ಚಿ-ಎ’ ಎಲ್ಲೆಲ್ಲೂ, ‘ನೆನಿ-ಎ’ ಎಲ್ಲಿಯೂ ಇಲ್ಲ. ಕೊನೆಯ ‘ಎ’ ತೆಗೆದು ‘ಆಮ್’ ಇಟ್ಟರೆ ಕಾಲ, ‘ಒಮ್’ ಇಟ್ಟರೆ ಪ್ರಮಾಣ, ‘ಎಲ್’ ಇಟ್ಟರೆ ರೀತಿ, ‘ಆಲ್’ ಇಟ್ಟರೆ ಕಾರಣ. ‘ಇಲ್ಲಿ’ ಎನ್ನಲು ಮಾತ್ರ ಅವರಿಗೆ ಸ್ವತಂತ್ರ ಪದವಿಲ್ಲ, ‘ಚಿ ತಿ-ಎ’ ಎಂದು ಜೋಡಿಸಬೇಕು. ನಮ್ಮ ‘ಇ’ಕಾರದ ಅನುಕೂಲ ಅಲ್ಲಿಲ್ಲ.

ಪದಕಟ್ಟುವಿಕೆಯಲ್ಲಂತೂ ಇದು ನಮ್ಮ ಅಂಟುಭಾಷೆಗಳ ಸ್ವಭಾವದ್ದು. ಸ್ಥಳಕ್ಕೆ ‘ಎಯ್’. ‘ಲೆರ್ನಿ’ ಕಲಿಯುವುದು, ‘ಲೆರ್ನೆಯೊ’ ಶಾಲೆ. ‘ಮಾನ್‌ಜಿ’ ತಿನ್ನುವುದು, ‘ಮಾನ್‌ಜೆಯೊ’ ಎಂಬುದನ್ನು ನಾನು ಖಾನಾವಳಿಯೆಂದೇ ಕಲಿಸುತ್ತೇನೆ. ‘ಮಾಲ್‌ಸಾನುಲೆಯೊ’ ಎಂಬ ಉದ್ದನೆಯ ಪದವನ್ನು ಬಿಡಿಸಿ ನೋಡಿರಿ. ‘ಸಾನ್’ ಎಂದರೆ ಆರೋಗ್ಯ, ‘ಮಾಲ್’ ಅದನ್ನು ವಿರುದ್ಧಾರ್ಥಕ್ಕೆ ತಿರುಗಿಸುತ್ತದೆ, ‘ಉಲ್’ ಅಂಥ ಮನುಷ್ಯ, ‘ಎಯ್’ ಸ್ಥಳ, ‘ಒ’ ನಾಮಪದ. ಆರೋಗ್ಯವಿಲ್ಲದವರ ಸ್ಥಳ, ಅಂದರೆ ಆಸ್ಪತ್ರೆ. ‘ಮಾಲ್’ ಎಂದರೆ ಕೆಟ್ಟದ್ದು ಎಂದು ತಿಳಿಯಬಾರದು. ‘ಗ್ರಾಂದಾ’ ದೊಡ್ಡದು, ‘ಮಾಲ್‌ಗ್ರಾಂದಾ’ ಚಿಕ್ಕದು, ಚಿಕ್ಕದರಲ್ಲಿ ಕೆಟ್ಟದ್ದೇನೂ ಇಲ್ಲ.

ಗೋಕಾಕದ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ಮೂರು ವಾಕ್ಯಗಳನ್ನು ಬರೆದಿದ್ದೇನೆ, ದಯವಿಟ್ಟು ತಿದ್ದಿರಿ. ‘ನಮ್ಮ ಅವ್ವ ಶಿಕ್ಷಕಿ’ ಎನ್ನಲು ‘ಮಿ-ಆ ಪಾತ್ರಿನೊ ಇನ್‌ಸ್ತ್ರು-ಇಸ್ತಿನೊ’. ‘ನಾನು ಯಾರನ್ನೂ ನೋಡಲಿಲ್ಲ’ ಎನ್ನಲು ‘ಮಿ ನೆ ವಿದಿಸ್ ನೆನಿ-ಉನ್’. ‘ಎರಡು ಒಳ್ಳೆಯ ಪುಸ್ತಕ ಓದಿದೆ’ ಎನ್ನಲು ‘ಮಿ ಲೆಗಿಸ್ ದು ಬೊನಾ ಲಿಬ್ರೊ’.

ಬಾಗಲಕೋಟೆಯ ಮಾಸ್ತರ

ಮೂರರಲ್ಲಿಯೂ ಕನ್ನಡವೇ ಕೈ ಹಿಡಿದು ನಡೆಸಿದೆ. ಮೊದಲನೆಯದರಲ್ಲಿ ‘ಎಸ್ತಾಸ್’ ಬೇಕು: ‘ಮಿ-ಆ ಪಾತ್ರಿನೊ ಎಸ್ತಾಸ್ ಇನ್‌ಸ್ತ್ರು-ಇಸ್ತಿನೊ’. ನಾವು ಕ್ರಿಯಾಪದವಿಲ್ಲದೆ ಮುಗಿಸುವ ವಾಕ್ಯವನ್ನು ಅಲ್ಲಿ ಮುಗಿಸಲು ಬರುವುದಿಲ್ಲ. ‘ಎಸ್ತಾಸ್’ ಆದ ಮೇಲೆ ‘ನ್’ ಹಾಕದೆ ಇದ್ದದ್ದು ಸರಿಯಾಗಿದೆ, ಅದು ಕರ್ಮವಲ್ಲ.

ಎರಡನೆಯದರಲ್ಲಿ ‘ನೆ’ ತೆಗೆದುಬಿಡು: ‘ಮಿ ವಿದಿಸ್ ನೆನಿ-ಉನ್’. ‘ಯಾರನ್ನೂ’ ಎಂಬುದಕ್ಕೆ ನಮ್ಮಲ್ಲಿ ‘ಇಲ್ಲ’ದ ಆಸರೆ ಬೇಕು, ‘ನೆನಿ-ಉ’ ಎಂಬುದರಲ್ಲಿ ನಿಷೇಧ ಒಳಗೇ ಇದೆ. ಒಂದು ವಾಕ್ಯದಲ್ಲಿ ಬೇರೆ ನಿಷೇಧ ಪದವಿದ್ದರೆ ‘ನೆ’ ಬೇಡವೆಂಬುದು 16 ನಿಯಮಗಳಲ್ಲಿಯೇ ಇದೆ.

ಮೂರನೆಯದು ‘ಮಿ ಲೆಗಿಸ್ ದು ಬೊನಾಯ್ನ್ ಲಿಬ್ರೊಯ್ನ್’ ಎಂದಾಗಬೇಕು. ಸಂಖ್ಯೆ ಹೇಳಿದ ಮೇಲೆ ‘ಎರಡು ಪುಸ್ತಕ’ ಎಂದು ಏಕವಚನದಲ್ಲಿ ಬಿಡುವುದು ಕನ್ನಡದಲ್ಲಿ ನಡೆಯುತ್ತದೆ, ಅಲ್ಲಿ ನಡೆಯದು. ಬಹುವಚನದ ‘ಯ್’ ಮೊದಲು, ಕರ್ಮದ ‘ನ್’ ಆಮೇಲೆ, ‘ದು’ಗೆ ಎರಡೂ ಇಲ್ಲ. ಓದುವಾಗ ‘ಲಿಬ್ರೊಯಿನ್’ ಎಂದು ಮೂರು ತುಂಡು ಮಾಡಬೇಡ. ‘ಲಿ’ ಒಂದು, ‘ಬ್ರೊಯ್ನ್’ ಇನ್ನೊಂದು, ಒತ್ತು ‘ಲಿ’ಯ ಮೇಲೆ.